ರೈಟರ್ ಹೆಂಡತಿಯ ಅಳತೆ ಬ್ಲೌಸ್

ಮೊನ್ನೆ ಹೊಲಿಗೆ ಮೆಷಿನ್ನಿನ ಕೆಳಗಿನ ಪೆಟ್ಟಿಗೆ ಖಾಲಿ ಮಾಡುವಾಗ ನುಸಿಗುಳಿಗೆ ವಾಸನೆಯ ಜೊತೆ ಒಂದು ಹಸಿರು ಬ್ಲೌಸ್ ಕೈಗೆ ಬಂತು. ಮುಂದೆ ಹುಕ್ಕು, ಗಿಡ್ಡ ತೋಳು, ಕಂಕುಳಲ್ಲಿ ಮಾಸಿದ ಬಟ್ಟೆ. ಯಾರದೆಂದು ಯೋಚಿಸಬೇಕಾಗಲಿಲ್ಲ, ರೈಟರ್ ಹೆಂಡತಿಯದು. ಅಳತೆಗೆಂದು ಕೊಟ್ಟ ಬ್ಲೌಸನ್ನು ಹೊಸದರ ಜೊತೆ ವಾಪಸು ಕೊಡುವುದು ನಮ್ಮ ಕಸುಬಿನ ರೂಢಿ. ಮೂಡಿಗೆರೆಯಲ್ಲಿ ಇಷ್ಟು ವರ್ಷ ಹೊಲಿದ ನಾನು ವಾಪಸು ಕೊಡದೆ ಉಳಿಸಿಕೊಂಡದ್ದು ಇದೊಂದೇ.

ಅವಳ ಗಂಡ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಬಟ್ಟೆ ತರುವವನೂ ಅವನೇ, ಒಯ್ಯುವವನೂ ಅವನೇ. ತುಂಬ ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದ, "ಅಕ್ಕಾ, ಊಟ ಆಯ್ತಾ" ಎಂದು ಕೇಳುತ್ತಿದ್ದ. ಹೆಂಡತಿಯ ಬ್ಲೌಸಿನ ಕುತ್ತಿಗೆ, ತೋಳಿನ ಉದ್ದ ಎಲ್ಲ ಬಾಯಿಪಾಠ. ಹೆಂಡತಿಯ ಸೀರೆ ಯಾವ ಬಣ್ಣದ್ದೆಂದೂ ಗೊತ್ತಿಲ್ಲದ ಗಂಡಸರನ್ನು ಕಂಡಿದ್ದ ನಾನು ಇವನನ್ನು ನೋಡಿ ಸೋತುಹೋಗಿದ್ದೆ. ಇಂಥವನನ್ನು ಅಂಗಡಿಗೆ ಅಟ್ಟಿ ತಾನು ಮನೆಯಲ್ಲಿ ಕೂತಿರುವ ಆ ಹೆಂಗಸಿಗೆ ಎಷ್ಟು ದೊಡ್ಡಸ್ತಿಕೆ ಇರಬೇಡ ಎಂದುಕೊಳ್ಳುತ್ತಿದ್ದೆ. ಅನುಮಾನ ನನ್ನ ಹುಟ್ಟುಗುಣ. ಆದರೆ ಆಗ ಅದು ತಪ್ಪು ಮನುಷ್ಯರ ಮೇಲೆ ಹೋಯಿತು.

ಒಂದು ಸಲ ಅವನು ಎಲ್ಲ ಬ್ಲೌಸಿಗೂ ಹುಕ್ಕನ್ನು ಹಿಂದೆ ಇಡಿ, ಹತ್ತಿರ ಹತ್ತಿರ ಇಡಿ, ಮೈಗೆ ಬಿಗಿಯಾಗಿರಲಿ ಎಂದ. ಆಮೇಲೆ ಅವಳ ಹಳೆಯ ಬ್ಲೌಸುಗಳನ್ನೂ ತಂದು ಮುಂದಿನ ಹುಕ್ಕು ಕಿತ್ತು ಹಿಂದಕ್ಕೆ ಮಾಡಿಸಿದ. ಹೊಸ ಫ್ಯಾಷನ್ನು, ಗಂಡನಿಗೆ ಆಸೆ ಎಂದು ನಾನು ಒಳಗೊಳಗೇ ನಕ್ಕೆ. ಹಳೇ ಬ್ಲೌಸು ಯಾಕೆ ಎಂದು ಕೇಳಬೇಕಿತ್ತು... ಕೇಳಲಿಲ್ಲ.

ದೀಪಾವಳಿಗೆ ಮುಂಚಿನ ಒಂದು ಸಂತೆಯ ದಿನ ಅವಳು ತಾನೇ ಬಂದಳು. ಗಂಡ ಮ್ಯಾನೇಜರ್ ಜೊತೆ ಚಿಕ್ಕಮಗಳೂರಿಗೆ ಹೋಗಿದ್ದನಂತೆ. ಸಂತೆಗೆ ಹೊರಟ ಆಳುಗಳ ಜೀಪಿನಲ್ಲಿ ತೂರಿಕೊಂಡು ಬಂದಿದ್ದಳು. ಸೆಖೆಯ ಮಧ್ಯಾಹ್ನದಲ್ಲೂ ಸೆರಗನ್ನು ಬೆನ್ನ ಸುತ್ತ ಬಿಗಿಯಾಗಿ ಹೊದ್ದಿದ್ದಳು. ತಾನು ರೈಟರ್ ಹೆಂಡತಿ ಎಂದು ಹೇಳಿ, ಚೀಲದಿಂದ ಹಸಿರು ಬ್ಲೌಸನ್ನೂ ಒಂದು ತುಂಡು ಹೊಸ ಬಟ್ಟೆಯನ್ನೂ ತೆಗೆದು, ಇದೇ ಅಳತೆಗೆ, ಹುಕ್ಕು ಮುಂದೆ ಇಟ್ಟು ಒಂದೇ ಒಂದು ಹೊಲಿದುಕೊಡಿ ಎಂದಳು. ಮದುವೆಗೆ ಮುಂಚಿನ ಬ್ಲೌಸಂತೆ, ಈಗ ಮೈಗೆ ಏರುವುದಿಲ್ಲ, ಹೊಸದನ್ನು ಒಂದಿಂಚು ಸಡಿಲ ಮಾಡಿ ಎಂದಳು. ಗಂಡನ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳಂತೆ.

ಅವಳು ತಿರುಗಿದಾಗ ಸೆರಗು ಜಾರಿತು. ಕೆಳಗಿನ ಎರಡು ಹುಕ್ಕು ಬಿಟ್ಟರೆ ಬೆನ್ನೆಲ್ಲ ತೆರೆದೇ ಇತ್ತು. ಹಾಕಿಕೊಡೋಣವೆಂದು ಕೈ ಚಾಚಿದೆ.

"ಬೇಡ ಅಕ್ಕ. ನೀವು ಹಾಕಿದ್ರೆ ಬಿಚ್ಚೋಕೆ ನಂಗೆ ಬರಲ್ಲ. ಅವ್ರು ಬರೋದ್ರೊಳಗೆ ನಾನು ನೈಟಿಯಲ್ಲಿ ಇರ್ಬೇಕು."

ನನಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತ ಹೇಳಿದಳು. "ಅವ್ರು ಹುಕ್ಕು ಹಾಕಿದ್ರೆ ನಾನು ಹೊರಗೆ ಹೋಗ್ಬಹುದು. ಇಲ್ಲಾಂದ್ರೆ ಇಲ್ಲ."

ಅವಳ ಮೊಬೈಲೂ ಅವನ ಕಿಸೆಯಲ್ಲೇ ಇರುತ್ತಿತ್ತಂತೆ. ಒಡಹುಟ್ಟಿದ ಅಕ್ಕ ಕಳಸದಲ್ಲಿದ್ದಾಳೆ, ಅವಳ ಜೊತೆ ಮಾತಾಡಿ ವರ್ಷವಾಯಿತು, ಮುಂದಿನ ಸಂತೆಗೆ ಇದನ್ನು ಹಾಕಿಕೊಂಡು ಕಳಸದ ಬಸ್ಸು ಹತ್ತುತ್ತೇನೆ ಎಂದಳು. ನಾನು ಕೇಳಿದ್ದು ಒಂದೇ ಪ್ರಶ್ನೆ, ಹೊಡೆಯುತ್ತಾನಾ ಎಂದು. ಒಂದು ದಿನವೂ ಕೈ ಎತ್ತಿಲ್ಲ ಎಂದಳು. ನನಗೆ ಸಮಾಧಾನವಾಯಿತು. ಇವತ್ತಿಗೂ ನಾಚಿಕೆಯಾಗುವುದು ಆ ಸಮಾಧಾನಕ್ಕೆ. ಹೊಡೆಯದ ಗಂಡ, ತುಸು ಅತಿ, ಅಷ್ಟೇ ಎಂದುಕೊಂಡೆ. ಏಟಿನ ಗುರುತು ಹುಡುಕುತ್ತಿದ್ದ ನನಗೆ, ನಾನೇ ಹೊಲಿದ ಹುಕ್ಕುಗಳು ಗುರುತಾಗಿ ಕಾಣಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಕೈಗೇ ಕೊಡಿ ಅಕ್ಕ, ಬೇರೆ ಯಾರಿಗೂ ಬೇಡ" ಎಂದಳು. ಚೀಟಿಯಲ್ಲಿ ಬರೆದುಕೊಂಡೆ: ರೈಟರ್. ಹುಕ್ಕು ಮುಂದೆ. ಅವರ ಕೈಗೇ. ಬಟ್ಟೆಗೆ ಪಿನ್ ಹಾಕಿ ಸಿಕ್ಕಿಸಿದೆ.

ದೀಪಾವಳಿ ಹೊತ್ತಿಗೆ ನಮಗೆ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ. ಹೊಲಿದಾದದ್ದನ್ನೆಲ್ಲ ಚೀಟಿ ನೋಡಿ, ಒಂದೊಂದು ಮನೆಯದನ್ನು ಒಟ್ಟಿಗೆ ಬಟ್ಟೆಯಂಚಿನ ಪಟ್ಟಿಯಿಂದ ಕಟ್ಟಿ ಕಪಾಟಿಗೆ ಸೇರಿಸುವುದು ನನ್ನ ಅಭ್ಯಾಸ. ಮೂರು ಚೀಟಿಯಲ್ಲಿ ರೈಟರ್ ಎಂದಿತ್ತು. ಮೂರನ್ನೂ ಕಟ್ಟಿದೆ. ಅಳತೆಯ ಹಸಿರು ಬ್ಲೌಸ್ ಮಾತ್ರ ಮೆಷಿನ್ನಿನ ಪಕ್ಕದಲ್ಲೇ ಉಳಿಯಿತು. ಸಂತೆಯ ಹಿಂದಿನ ದಿನ ಅವನು ಬಂದ, ಬೇರೆಯವರ ಅಳತೆ ತೆಗೆಯುತ್ತಲೇ ಕಟ್ಟು ಎಳೆದು ಕೈಗಿಟ್ಟೆ.

ಅವನು ಅಲ್ಲೇ ಬಿಚ್ಚಿದ. ತಾನು ಕೊಟ್ಟದ್ದು ಎರಡು. ಮೂರನೆಯದರ ಚೀಟಿ ಓದಿದ. ಪಿನ್ ತೆಗೆದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಚೆನ್ನಾಗಿ ಹೊಲಿದೀರಿ ಅಕ್ಕಾ. ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ" ಎಂದು ಚಪ್ಪಲಿ ಮೆಟ್ಟಿ ಹೋದ.

ಟೇಪು ಕೈಯಲ್ಲೇ ಇತ್ತು, ಮತ್ತೆ ಅಳತೆಗೆ ಬಗ್ಗಿದೆ. ಆಗಲೇ ಓಡಬೇಕಿತ್ತು. ಯಾರಿಗಾದರೂ ಹೇಳಬೇಕಿತ್ತು. ಗಂಡ ಹೆಂಡಿರ ನಡುವೆ ನಾನ್ಯಾರು ಎಂದು ಎರಡು ದಿನ ಕಳೆದೆ. ಮೂರನೇ ದಿನ ಹಸಿರು ಬ್ಲೌಸ್ ವಾಪಸು ಕೊಡುವ ನೆಪದಲ್ಲಿ ಜೀಪು ಹತ್ತಿ ಎಸ್ಟೇಟಿನ ಲೈನ್ ಮನೆಗಳ ಸಾಲಿನಲ್ಲಿದ್ದ ಅವರ ಮನೆಗೆ ಹೋದೆ. ಅವನು ಬಾಗಿಲಿಗೆ ಬಂದು, ತವರಿಗೆ ಹೋಗಿದ್ದಾಳೆ, ಕಾಫಿ ಕುಡೀರಿ ಎಂದ. ಹಗ್ಗದ ಮೇಲೆ ನೈಟಿಯೊಂದರಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಪಾತ್ರೆಯ ಸದ್ದು ಆಗಿ ನಿಂತಿತು... ನಾನು ಬ್ಲೌಸನ್ನು ಸೆರಗಿನೊಳಗೇ ಇಟ್ಟುಕೊಂಡು ಬಂದೆ.

ಅಂಗನವಾಡಿ ಟೀಚರಿಗೆ ಹೇಳಿ, ಅವರು ಮಹಿಳಾ ಸಹಾಯವಾಣಿಗೆ ಫೋನು ಮಾಡಿ, ಎಲ್ಲರೂ ಸೇರಿ ಹೋಗುವಷ್ಟರಲ್ಲಿ ವಾರ ಕಳೆದಿತ್ತು. ಮನೆಗೆ ಬೀಗ. ಸಕಲೇಶಪುರದ ಕಡೆ ಯಾವುದೋ ತೋಟಕ್ಕೆ ಹೋದರಂತೆ. ಆಮೇಲೆ ಕಳಸಕ್ಕೂ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹೊಳೆಯಿತು, ಅವಳ ಹೆಸರೇ ನನಗೆ ಗೊತ್ತಿರಲಿಲ್ಲ. ರೈಟರ್ ಹೆಂಡತಿಯ ಅಕ್ಕನ ಮನೆ ಯಾವುದು ಎಂದು ಯಾರನ್ನು ಕೇಳಲಿ? ಮುಂದಿನ ಬಸ್ಸಿಗೆ ತಿರುಗಿ ಬಂದೆ.

ಈಗ ನಾನು ಅಳತೆ ಬ್ಲೌಸ್ ತೆಗೆದುಕೊಳ್ಳುವುದಿಲ್ಲ. ತೊಡುವವರೇ ಬರಬೇಕು. ಮೂಲೆಗೆ ಒಂದು ಪರದೆ ಕಟ್ಟಿಸಿದ್ದೇನೆ, ಗಂಡಸರು ಹೊರಗೆ. ಟೇಪು ಹಿಡಿದು ಮೊದಲು ಹೆಸರು ಕೇಳುತ್ತೇನೆ, ಆಮೇಲೆ ಮನೆಯಲ್ಲಿ ಆರಾಮವಾ ಎನ್ನುತ್ತೇನೆ. ಗಂಡನನ್ನು ಯಾಕೆ ಬಿಟ್ಟು ಬರಬಾರದು ಎಂದು ಯಾರನ್ನೂ ಕೇಳುವುದಿಲ್ಲ. ಹೇಳಿದ್ದನ್ನು ನಂಬುತ್ತೇನೆ, ಅದು ಪರದೆಯೊಳಗೇ ಇರುತ್ತದೆ. ಕೆಲವರು ನನ್ನನ್ನು ಅನುಮಾನದ ಹೆಂಗಸು ಎನ್ನುತ್ತಾರೆ. ಅನ್ನಲಿ. ನಿನ್ನೆಯೂ ಒಬ್ಬ ಸಭ್ಯಸ್ಥ ಚಪ್ಪಲಿ ಹೊರಗೆ ಬಿಟ್ಟು ಬಂದು, ಹೆಂಡತಿಯ ಅಳತೆ ಬ್ಲೌಸ್ ಮುಂದಿಟ್ಟು, ಅವಳಿಗೆ ಬರೋಕೆ ಪುರುಸೊತ್ತಿಲ್ಲ ಎಂದ. ಪುರುಸೊತ್ತಾದಾಗ ಬರಲಿ, ಕಾಯ್ತೀನಿ ಎಂದೆ.

ಅವನು ಹೋದ ಮೇಲೆ ಹಸಿರು ಬ್ಲೌಸನ್ನು ಒಗೆದು ಇಸ್ತ್ರಿ ಮಾಡಿದೆ. ಅವಳು ಬರುವುದಿಲ್ಲ, ನನಗೆ ಗೊತ್ತು. ಆದರೂ ಹೊಸ ಚೀಟಿ ತೆಗೆದುಕೊಂಡೆ. ಹೆಸರಿನ ಜಾಗ ಖಾಲಿ ಬಿಟ್ಟು, ಅವರ ಕೈಗೇ ಎಂದಷ್ಟೇ ಬರೆದು, ಪಿನ್ ಹಾಕಿ, ರಸ್ತೆಗೆ ಕಾಣುವ ಮೊಳೆಗೆ ತೂಗುಹಾಕಿದೆ.