ಶೆಟ್ಟರ ಕೋಲು, ನಮ್ಮ ಸೂತಕ

ಕಾಂತಪ್ಪ ಶೆಟ್ಟರ ಕೈಯಲ್ಲಿ ಸದಾ ಒಂದು ಕೋಲಿರುತ್ತಿತ್ತು. ಅದು ನೆಲಕ್ಕೆ ತಾಗಿದ್ದನ್ನು ಮಾತ್ರ ನಾನು ಕಂಡಿಲ್ಲ. ಅಂಗುಲಕ್ಕೊಂದರಂತೆ ಅದಕ್ಕೆ ಹಿತ್ತಾಳೆಯ ಮೊಳೆ ಹೊಡೆಸಿದ್ದರು. ಊರಿದರೆ ತುದಿ ಸವೆದು ಅಳತೆ ತಪ್ಪುತ್ತದೆಂದು, ಮೊಣಕಾಲು ನೋವಿದ್ದರೂ ಅದನ್ನು ಕಂಕುಳಲ್ಲಿ ಅವುಚಿಕೊಂಡು ಕುಂಟುತ್ತಾ ನಡೆಯುತ್ತಿದ್ದರು. ಹಂಚಿನ ಕಾರ್ಖಾನೆಯ ಧಣಿ, ಮನೆಯಲ್ಲಿ ಕಾರಿತ್ತು. ಅಂಥವರು ಮಂಗಳೂರಿನ ಗಲ್ಲಿಗಲ್ಲಿಗಳಲ್ಲಿ ಕಂಡವರ ಮನೆಯ ಕಂಬವನ್ನು ಹಲಸಿನಹಣ್ಣು ಕೊಳ್ಳುವವರಂತೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಅಳೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರೆ ಯಾರಿಗೆ ಸಂಶಯ ಬಾರದು?

ನನಗಂತೂ ಸಂಶಯ ಹುಟ್ಟಿನಿಂದಲೇ ಬಂದದ್ದು. ಅಂಚೆಯವನು ನಕ್ಕರೂ ಕೆಟ್ಟ ಸುದ್ದಿ ಇರಬೇಕೆಂದು ಬೆವರುವ ಶಾಲಾಮಾಸ್ತರ ನಾನು. ಶೆಟ್ಟರು ಹಳೆಯ ಮನೆಗಳ ನಕ್ಷೆ, ಪಟ, ಕೆತ್ತನೆಯ ತುಂಡು ಎಲ್ಲ ಕೂಡಿಡುತ್ತಿದ್ದಾರೆ ಎಂದು ಜನ ಹೇಳಿದರು. ನಾನು ನಂಬಲಿಲ್ಲ. ಮೊದಲು ಹಂಚು ಮಾರುವ ಉಪಾಯವೆಂದುಕೊಂಡೆ. ಆಮೇಲೆ, ರಸ್ತೆ ಅಗಲವಾಗುವ ಗುಟ್ಟು ಇವರಿಗೆ ತಿಳಿದಿರಬೇಕೆಂದು. ಬಲ್ಮಠದ ನಮ್ಮ ಮನೆ ಅಜ್ಜನ ಕಾಲದ್ದು, ರಸ್ತೆಗೆ ತೀರ ಹತ್ತಿರ.

ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲಿಯೇ ನಿಂತಿದ್ದರು. ಚಾವಡಿಯ ಕಂಬಗಳನ್ನೂ ಒಳಮನೆಯನ್ನೂ ಅಳೆಯಬೇಕಂತೆ. ಗಾಬರಿಯಲ್ಲಿ, ಉಡುಪಿಯ ಚಿಕ್ಕಪ್ಪ ಹೋದರು, ಸೂತಕ ಉಂಟು ಎಂದುಬಿಟ್ಟೆ. ಅವರು ಅಲ್ಲಿಂದಲೇ ಕೈಮುಗಿದು ಹೋದರು. ಹನ್ನೆರಡನೆಯ ದಿನ ಸರಿಯಾಗಿ ಬಂದರು. ಕಾಸರಗೋಡಿನ ದೊಡ್ಡಪ್ಪನನ್ನು ಸಾಯಿಸಿದೆ. ಮೂರನೆಯ ಸಲ ಪುತ್ತೂರಿನ ಇನ್ನೊಬ್ಬ ಚಿಕ್ಕಪ್ಪ. ನನ್ನ ತಂದೆಗೆ ಅಣ್ಣತಮ್ಮಂದಿರೇ ಇರಲಿಲ್ಲ. ಶೆಟ್ಟರು ಬಿಚ್ಚಿದ್ದ ಪುಸ್ತಕವನ್ನು ಮಡಚಿದರು.

"ನಿಮ್ಮದು ದೊಡ್ಡ ಕುಟುಂಬ ಮಾರಾಯ್ರೆ. ಇನ್ನು ಯಾರಾದ್ರೂ ಉಳಿದಿದ್ದಾರಾ?"

ಬಾಗಿಲ ಹಿಂದೆ ನನ್ನ ಹೆಂಡತಿ ಪದ್ಮಾವತಿ ನಕ್ಕದ್ದು ಅವರಿಗೂ ಕೇಳಿಸಿತು. ಮತ್ತೆ ಬರಲಿಲ್ಲ.

ಬಾರದಿದ್ದದ್ದು ನನ್ನನ್ನು ಇನ್ನಷ್ಟು ಹೆದರಿಸಿತು. ಅಳೆಯುವ ಅಗತ್ಯವೇ ಇಲ್ಲವೆಂದರೆ ಒಳಗೊಳಗೇ ಎಲ್ಲ ಮುಗಿದಿರಬೇಕು ಎಂದು ತರ್ಕಿಸಿ, ಮನೆ ಕೈತಪ್ಪುವ ಮೊದಲು ಬೇರೊಬ್ಬ ವ್ಯಾಪಾರಿಗೆ ಮಾರಿ ಕುಲಶೇಖರದಲ್ಲಿ ಬಾಡಿಗೆ ಮನೆ ಹಿಡಿದೆ. ಅವನು ಒಂದೇ ತಿಂಗಳಲ್ಲಿ ಅದನ್ನು ಕೆಡವಿ ಗೋದಾಮಿಗೆ ಪಾಯ ತೆಗೆಸಿದ. ರಸ್ತೆ ಮಾತ್ರ ಇವತ್ತಿಗೂ ಮೊದಲಿನಷ್ಟೇ ಅಗಲ.

ಆಮೇಲೆ ಶೆಟ್ಟರೇ ಹೇಳಿಕಳಿಸಿದರು. ಕಾರ್ಖಾನೆಯ ಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳು; ಒಂದೊಂದರ ಮೇಲೆ ಒಂದೊಂದು ಬೀದಿಯ ಹೆಸರು. ಒಳಗೆ ಮನೆಗಳ ನಕ್ಷೆ, ಪಟ, ಒಡೆದ ಕೆತ್ತನೆ. ಜನ ಹೇಳಿದ್ದೇ ನಿಜ. ಇದೆಲ್ಲ ಯಾಕೆಂದು ಕೇಳಿದೆ.

"ಹಳೇ ಮಾಡು ಇಳಿಸಿ ಎಲ್ಲರ ಮನೆಗೂ ನನ್ನ ಹಂಚು ಹೊದೆಸಿದವ ನಾನೇ ಅಲ್ವಾ ಮಾಸ್ಟ್ರೇ. ಮೊದಲು ಎಂತ ಇತ್ತು ಅಂತ ಬರೆದಿಡುದು ಕೂಡ ನನ್ನದೇ ಕೆಲಸ."

ನಮ್ಮ ಬೀದಿಯ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದರು. ರಸ್ತೆಯಲ್ಲಿ ನಿಂತು ಬರೆದ ನಮ್ಮ ಮನೆಯ ಹೊರಮೈ; ಒಳಗೆಲ್ಲ ಖಾಲಿ. ಪೆನ್ಸಿಲು ಹಿಡಿದು ಒಂದೊಂದೇ ಕೇಳಿದರು. ಅಡುಗೆಮನೆಯ ಕಿಟಕಿ ಯಾವ ಕಡೆಗೆ? ದೇವರಕೋಣೆಯ ಬಾಗಿಲಲ್ಲಿ ಎಷ್ಟು ದಳದ ಹೂವು? ನಲವತ್ತೈದು ವರ್ಷ ಆ ಮನೆಯಲ್ಲಿ ಉಂಡು ಮಲಗಿದವ, ಅದನ್ನು ಕಾಯಲೆಂದು ಮೂವರನ್ನು ಕೊಂದವ, ತಡವರಿಸಿದೆ.

"ಅಟ್ಟಕ್ಕೆ ಎಷ್ಟು ಮೆಟ್ಟಿಲು? ಅದಾದ್ರೂ ಗೊತ್ತುಂಟಾ?"

ಒಂಬತ್ತು ಎಂದೆ. ಅವರು ನನ್ನ ಮುಖ ನೋಡಿದರು. ಒಂಬತ್ತೆಂದು ಬರೆದು ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿದರು.

ಮನೆಗೆ ಬಂದು ಹೇಳಿದರೆ ಪದ್ಮಾವತಿ ಹನ್ನೊಂದು ಎಂದಳು. ತೆಂಗಿನಕಾಯಿ, ಅಕ್ಕಿಮುಡಿ ಅಂತ ದಿನಕ್ಕೆ ನಾಲ್ಕು ಸಲ ಅಟ್ಟ ಹತ್ತಿದವಳು ಅವಳು. ಒಳಮನೆಯೆಲ್ಲ ಅವಳಿಗೆ ಬಾಯಿಪಾಠ. ಅವಳನ್ನು ಕರೆದುಕೊಂಡು ಹೋಗಿ ಹಾಳೆ ತುಂಬಿಸಬೇಕೆಂದುಕೊಂಡೆ. ನಾಚಿಕೆಯಿಂದ ಮುಂದೂಡುತ್ತ ಹೋದೆ. ಅಷ್ಟರಲ್ಲಿ ಶೆಟ್ಟರು ತೀರಿಕೊಂಡರು. ಅವರ ಮಕ್ಕಳು ಮಾಳಿಗೆಗೆ ಬೀಗ ಹಾಕಿದ್ದಾರೆ. ಅಲ್ಲಿ ಒಂದು ಪೆಟ್ಟಿಗೆಯೊಳಗೆ ನಮ್ಮ ಅಟ್ಟ ಎರಡು ಮೆಟ್ಟಿಲು ಕೆಳಗೇ ಉಳಿದಿದೆ.