ಹತ್ತು ನಿಮಿಷದ ಹಾಸಿಗೆ

ನಮ್ಮಕ್ಕ ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಯಿತು. ಮಾತಿನಲ್ಲಿ ಅವಳನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ. ನಿದ್ದೆಯೇ ಬರದವನಿಗೂ ಹಾಸಿಗೆ ಮಾರಿ, ಮೇಲೆರಡು ದಿಂಬು ದಾಟಿಸುವ ಗಟ್ಟಿಗಿತ್ತಿ. ಭಾವನಿಗೆ ಸೊಂಟ ಕೈಕೊಟ್ಟು ಮೂರು ವರ್ಷ. ಮನೆಯ ನಾಲ್ಕು ಹೊಟ್ಟೆ ತುಂಬೋದು ಇವಳೊಬ್ಬಳ ದುಡಿಮೆಯಲ್ಲೇ.

ಆ ಅಂಗಡಿಯಲ್ಲೊಂದು ಪದ್ಧತಿಯಿದೆ. ಗಿರಾಕಿ ಹತ್ತು ನಿಮಿಷ ಮಲಗಿ ನೋಡದೆ ಹಾಸಿಗೆ ಮಾರುವಂತಿಲ್ಲ. ಬಾಗಿಲ ಗಾಜಿನ ಮೇಲೇ ದಪ್ಪಕ್ಷರದಲ್ಲಿ ಬರೆಸಿದ್ದಾರೆ: 'ಬನ್ನಿ, ಹತ್ತು ನಿಮಿಷ ಮಲಗಿ ನೋಡಿ. ಕೊಳ್ಳಲೇಬೇಕೆಂದಿಲ್ಲ.' ಮಾಲೀಕರದೇ ಐಡಿಯಾ. ಅದನ್ನು ಓದಿಕೊಂಡು ಒಬ್ಬಳು ಮುದುಕಿ ಬಂದೇಬಿಟ್ಟಳು.

ಬಸ್ ನಿಲ್ದಾಣದ ಹಿಂದೆ ರಾತ್ರಿ ಕಳೆಯುವಾಕೆ. ಪಕ್ಕದ ಔಷಧಿ ಅಂಗಡಿಯವನು ಆಕೆಯನ್ನು ಮೆಟ್ಟಿಲು ಹತ್ತಲೂ ಬಿಡುತ್ತಿರಲಿಲ್ಲ. ಬೇಕರಿಯವರಂತೂ ಆಕೆ ಕೂತಲ್ಲಿಗೇ ನೀರು ಚೆಲ್ಲುತ್ತಿದ್ದರು, ಪುಣ್ಯಾತ್ಮರು! ಆಕೆ ಬಟ್ಟೆಗಂಟನ್ನು ಬಾಗಿಲ ಪಕ್ಕ ಇಟ್ಟು, ಚಪ್ಪಲಿ ಬಿಟ್ಟು, "ಮಲಗಿ ನೋಡಬಹುದಾ?" ಅಂದಳು. ಅಕ್ಕ ಎಲ್ಲರನ್ನೂ ಕೇಳುವುದನ್ನೇ ಕೇಳಿದಳು: "ಸೊಂಟನೋವಾ, ಕುತ್ತಿಗೆ ನೋವಾ?" ಮುದುಕಿ ಒಂದು ಗಳಿಗೆ ಯೋಚಿಸಿ "ಮಂಡಿ" ಅಂದಳಂತೆ. ಅಕ್ಕ ಮೂಲೆಯ ಹಾಸಿಗೆಯ ಮೇಲೊಂದು ಬೇರೆ ಬೆಡ್‌ಶೀಟ್ ಹಾಸಿ ಮಲಗಿಸಿದಳು.

ಅವತ್ತಿನಿಂದ ದಿನಾ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಬರೋಳು. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಎದ್ದು, ಬೆಡ್‌ಶೀಟಿನ ಸುಕ್ಕು ಸರಿಮಾಡಿ ಹೋಗೋಳು. ಹೀಗೇ ಎರಡು ತಿಂಗಳು ನಡೆಯಿತು. ನನಗೆ ತಡೆಯಲಾಗಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋ ಹಾಗಾಗೀತು, ನೋಡ್ಕೋ" ಅಂದೆ.

"ಸುಮ್ನಿರೇ. ದುಡ್ಡಿರೋರು ಮಾತ್ರ ಮಲಗಿ ಅಂತ ಗಾಜಿನ ಮೇಲೆ ಬರೆದಿಲ್ಲ" ಅಂದಳು ಅಕ್ಕ.

ಆದರೆ ಒಂದು ದಿನ ಎಡವಟ್ಟಾಯಿತು. ಮುದುಕಿಗೆ ಜ್ವರ ಬಂದಿತ್ತು, ಮಲಗಿದವಳಿಗೆ ಗಾಢ ನಿದ್ದೆ ಹತ್ತಿತು. ಅಕ್ಕನಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ನಮ್ಮ ಮಹಾತಾಯಿ ಪ್ರದರ್ಶನಕ್ಕಿಟ್ಟಿದ್ದ ಹೊಸ ರಜಾಯಿ ತೆಗೆದು ಹೊದಿಸಿಬಿಟ್ಟಳು! ಅಷ್ಟರಲ್ಲಿ ಗಂಡ ಹೆಂಡತಿ ಒಳಗೆ ಬಂದರು. "ಏನ್ರೀ, ಜಾಹೀರಾತಿಗೆ ಮನುಷ್ಯರನ್ನೇ ಮಲಗಿಸಿಬಿಟ್ಟಿದೀರಾ?" ಅಂತ ಗಂಡ ನಕ್ಕ. ಹೆಂಡತಿಯ ಕಣ್ಣು ಬಾಗಿಲ ಬಳಿಯ ಗಂಟಿನ ಮೇಲೆ ಬಿತ್ತು. ಮೂಗು ಮುಚ್ಚಿಕೊಂಡು ಹೊರನಡೆದಳು. ಸಂಜೆಯೊಳಗೆ ದೂರು ಮಾಲೀಕರ ಕಿವಿ ಮುಟ್ಟಿತು.

ಅವರು ಕೂಗಾಡಲಿಲ್ಲ. ತಣ್ಣಗೆ, "ನಾಳೆಯಿಂದ ಆಕೆ ಒಳಗೆ ಬರಬಾರದು. ನಿಮ್ಮ ಕೈಲಿ ಹೇಳೋಕಾಗಲ್ಲ ಅಂದ್ರೆ ನೀವೂ ಬರೋದು ಬೇಡ" ಅಂದರು. ರಾತ್ರಿ ಅಕ್ಕ ಹೇಳಿದ್ದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಗಾಜಿನ ಮೇಲಿರೋದನ್ನ ಕೆರೆದುಹಾಕಿ ಅಂತ ಮುಖಕ್ಕೆ ಹೇಳಬೇಕಿತ್ತು!" ಅಂತ ಕುಣಿದಾಡಿದೆ.

"ನೀನಾಗಿದ್ರೆ ಹೇಳ್ತಿದ್ದೆ ಬಿಡು. ಆಮೇಲೆ ನಿನ್ನ ಭಾವನ ಮಾತ್ರೆ ಯಾರು ತರ್ತಿದ್ರು?" ಅಂದಳು ಅಕ್ಕ.

ಮಾರನೇ ದಿನ ಮಾಲೀಕರು ಬೇಕೆಂದೇ ಒಳಗೆ ಕೂತಿದ್ದರು. ಮುದುಕಿ ಬಂದು ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದಳು, ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಬೆಳಗಿನಿಂದ ಜೋಡಿಸಿಟ್ಟುಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. "ಅಮ್ಮಾ, ಇವತ್ತಿಂದ..." ಅಂದವಳು ಅಲ್ಲಿಗೇ ನಿಲ್ಲಿಸಿ, ಆ ಒಂಟಿ ಚಪ್ಪಲಿಯನ್ನೇ ನೋಡಿದಳು. ಹದಿನಾರು ವರ್ಷದಲ್ಲಿ ಯಾವತ್ತೂ ಅಷ್ಟು ನಾಚಿಕೆಯಾಗಿರಲಿಲ್ಲ ಅನ್ನುತ್ತಾಳೆ ಅಕ್ಕ.

ಮುದುಕಿ ಅವಳ ಮುಖ ನೋಡಿದಳು. ಒಳಗೆ ಕೂತವರನ್ನೂ ನೋಡಿದಳು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಮಾಲೀಕರಿಗೂ ಕೇಳುವ ಹಾಗೆ ಗಟ್ಟಿಯಾಗಿ ಅಂದಳು: "ಅದನ್ನೇ ಹೇಳೋಣ ಅಂತ ಬಂದೆ ಕಣಮ್ಮ. ಇಷ್ಟು ದಿನ ನೋಡಿದೆ, ನಿಮ್ಮ ಹಾಸಿಗೆ ನಂಗೆ ಹಿಡಿಸಲಿಲ್ಲ. ಬೇರೆ ಕಡೆ ನೋಡ್ಕೋತೀನಿ."

ಆಮೇಲೆ ಗಂಟು ಎತ್ತಿಕೊಂಡು, ಅಕ್ಕನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಬೇಜಾರು ಮಾಡ್ಕೋಬೇಡ ಮಗಳೇ. ನೀನು ಚೆನ್ನಾಗೇ ತೋರಿಸಿದೆ."