ಗಂಜಿ ಒಲ್ಲದ ಕೆಂದಳಿಲು

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಯಾವ ಕಾಯಿಲೆಗೂ ಮೊದಲ ಮದ್ದು ಗಂಜಿ. ಮಗ್ಗಕ್ಕೇರಿಸುವ ಹಾಸಿನ ಉದ್ದ ನೂಲಿಗೆ ಹಚ್ಚಲು ಹೇಗೂ ಒಲೆಯ ಮೇಲೆ ಕಾಯುತ್ತಿರುತ್ತದೆ. ಜ್ವರ ಬಂದವರಿಗೂ, ಕರು ಹಾಕಿದ ಹಸುವಿಗೂ, ಮುನಿಸಿಕೊಂಡ ಅಳಿಯನಿಗೂ ಅದರಲ್ಲೇ ಒಂದು ಲೋಟ.

ಆ ಬೆಳಿಗ್ಗೆ ನನ್ನ ಸೋದರಮಾವ ಯಳಂದೂರಿನ ಆಚೆ ಬೆಟ್ಟದ ರಸ್ತೆಯಲ್ಲಿ ಗೂಡಿನಿಂದ ಬಿದ್ದಿದ್ದ ಕೆಂದಳಿಲು ಎಂಬ ದೊಡ್ಡ ಕಾಡಳಿಲಿನ ಮರಿಯನ್ನು ಟವೆಲಿನಲ್ಲಿ ಸುತ್ತಿ ತಂದ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವಳು. "ಈಗಲೇ ಅದೇ ಮರದ ಹತ್ರ ಬಿಟ್ಟು ಬರ್ಬೇಕು, ಇಲ್ದಿದ್ರೆ ಸಾಯುತ್ತೆ. ತಾಯಿ ಹಾಲು ಬಿಟ್ಟು ಬೇರೇನೂ ಕುಡಿಯಲ್ಲ" ಎಂದೆ. ನನ್ನ ಮಾತನ್ನು ಗಮನವಿಟ್ಟು ಕೇಳಿದ್ದು ಮಗ್ಗ ಒಂದೇ.

"ಬರೀ ವಟ್ಟೇಲಿ ಕಳುಸ್ಬುಟ್ರೆ ನಮ್ಮನೆ ಮರ್ವಾದೆ ಏನಾಯ್ತದೆ ಕಣೇ?" ಎಂದು ಅವ್ವ ಗಂಜಿಯಲ್ಲಿ ಹತ್ತಿ ಅದ್ದಿದಳು. ಮರಿ ಮುಖ ತಿರುಗಿಸಿತು. ಪಕ್ಕದ ಮನೆಯಾಕೆ ತವರು ಧನಗೆರೆಯ ಬಾಳೆಹಣ್ಣು ತಂದು ಕಿವುಚಿದಳು. ಅದೂ ಬೇಡ. ಹಾಲಿನಲ್ಲಿ ನೆನೆಸಿದ ಬಿಸ್ಕತ್ತೂ ಬೇಡ.

"ಎಂಥಾ ಜಂಬ ನೋಡ್ರವ್ವ ಇದ್ಕೆ!" ಎಂದು ಆಕೆ ನೊಂದುಕೊಂಡಳು.

ಬೆಳೆದ ಮೇಲೂ ಅದರ ಜಂಬ ಕಡಿಮೆಯಾಗುವುದಿಲ್ಲ, ಎಷ್ಟೋ ಕಾಡುಕಾಯಿಗಳ ತಿರುಳು ಬಿಸಾಡಿ ಒಳಗಿನ ಬೀಜ ಮಾತ್ರ ತಿನ್ನುತ್ತದೆ, ನೆಲಕ್ಕೆ ಇಳಿಯುವುದೂ ಅಪರೂಪ ಎಂದು ವಿವರಿಸಿದೆ.

"ಅಂಗಾರೆ ದೊಡ್ಡ ಮನೆತನದ ಕೂಸು" ಎಂದು ಅವ್ವ ಗಂಜಿಗೆ ತುಪ್ಪ ಬೆರೆಸಿದಳು.

ಮಧ್ಯಾಹ್ನಕ್ಕೆ ಮರಿಯ ತಲೆ ವಾಲಿತು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಅವ್ವನ ಮಡಿಲಿಂದ ಕಿತ್ತುಕೊಂಡು ಮಾವನ ಬೈಕ್ ಹತ್ತಿದೆ. ಮಾಂಬಳ್ಳಿ ದಾಟುವಾಗಲೂ ಟವೆಲಿನೊಳಗೆ ಬೆರಳಿಟ್ಟು ಉಸಿರಿದೆಯೇ ಎಂದು ನೋಡುತ್ತಿದ್ದೆ. ಅವ್ವನಿಗೆ ಬೈಯಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡೆ.

ಮಾವನಿಗೆ ಮರದ ಗುರುತಿತ್ತು. ಮನೆಯಿಂದ ತಂದಿದ್ದ ಬುಟ್ಟಿಯಲ್ಲಿ ಮರಿಯನ್ನಿಟ್ಟು ಕೈಗೆಟಕುವ ಕೊಂಬೆಗೆ ಕಟ್ಟಿ ದೂರ ನಿಂತೆವು. ಮೇಲೆ ತಾಯಿ ಕೂಗಿಕೊಳ್ಳುತ್ತಲೇ ಇತ್ತು. ತಲೆಕೆಳಗಾಗಿ ಇಳಿದು ಬಂದು ಮೂಸಿತು, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಪಕ್ಕದ ಮರದ ಇನ್ನೊಂದು ಗೂಡಿಗೆ ಹೋಯಿತು. ಬಾಡಿಗೆಯ ಚಿಂತೆಯಿಲ್ಲದೆ ಹಲವು ಮನೆ ಇಟ್ಟುಕೊಳ್ಳುವ ಜಾತಿ ಅದು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. ಬೆಳಿಗ್ಗೆಯಿಂದ ಅವಳೂ ಏನೂ ಉಂಡಿರಲಿಲ್ಲ.

"ಬದುಕ್ತಾ?"

"ಬದುಕ್ತು. ಅವರಮ್ಮ ಕರ್ಕೊಂಡು ಹೋದ್ಲು."

ಅವ್ವ ಸೆರಗಿನ ಅಂಚು ತೀಡಿದಳು. "ನಾನು ಇನ್ನೊಸಿ ವೊತ್ತು ಮಡಿಕಂಡಿದ್ರೆ ಸತ್ತೋಯ್ತಿತ್ತು ಅಲ್ವೇನೇ?"

"ಇಲ್ಲವ್ವ. ನೀನು ಮುಟ್ಟಿ ಸವರಿ ಬೆಚ್ಚಗಿಟ್ಟಿದ್ದಕ್ಕೇ ಉಳೀತು" ಎಂದೆ.

ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು. ಅವ್ವ ಎದ್ದು ಒಳಗೆ ಹೋಗಿ ತಟ್ಟೆ ಹಾಕಿಕೊಂಡಳು.